ಹನ್ನೆರಡನೆಯವನು

ನಮ್ಮೂರಿನ ಬಯಲಿನಲ್ಲಿ ಹನ್ನೆರಡು ಜನ ಒಟ್ಟಿಗೆ ನಿಲ್ಲುವಂತಿಲ್ಲ. ಹನ್ನೊಂದು ಜನ ನಿಲ್ಲಬಹುದು, ಹರಟಬಹುದು, ಜಗಳವನ್ನೂ ಆಡಬಹುದು. ಹನ್ನೆರಡನೆಯವನು ಬಂದು ಸೇರಿಕೊಂಡ ಕೂಡಲೇ ಮೊದಲಿದ್ದವರಲ್ಲಿ ಯಾರಾದರೊಬ್ಬರು "ಎಮ್ಮಿಗೆ ನೀರು ಕುಡಿಸಿ ಬರ್ತೀನಿ" ಎಂದು ಎದ್ದು ಹೊರಡುತ್ತಾರೆ. ಎಮ್ಮೆ ಇಲ್ಲದವರೂ ಹಾಗೆಯೇ ಹೇಳುತ್ತಾರೆ. ನಲವತ್ತು ಹೆಜ್ಜೆ ದೂರ ಹೋದರೆ ಸಾಕು, ಅಲ್ಲಿಂದ ಬೇರೆ ಗುಂಪು.

ಇದಕ್ಕೆ ಕಾರಣ ನಮ್ಮ ತಲೆಯ ಮೇಲೆಯೇ ಸುತ್ತುತ್ತಿರುತ್ತದೆ. ಉದ್ದ ರೆಕ್ಕೆಯ, ಬೂದು ಬಣ್ಣದ, ಒಳಗೆ ಮನುಷ್ಯರಿಲ್ಲದ ಆ ಡ್ರೋನ್ ನಮ್ಮೂರಿಗೆ ಬಂದು ಆರು ವರ್ಷವಾಯಿತು. ಒಮ್ಮೆ ಬಂದರೆ ಎರಡು ಹಗಲು ಎರಡು ರಾತ್ರಿ ಕೆಳಗಿಳಿಯದೆ ಸುತ್ತುತ್ತದೆ. ಅದು ಹೋಗುವ ಮೊದಲೇ ಅಂಥದೇ ಇನ್ನೊಂದು ಬಂದು ಜಾಗ ಹಿಡಿಯುತ್ತದೆ. ಮನೆಮನೆಯ ಅಂಗಳವನ್ನೂ ನೋಡುತ್ತದೆ. ನೆತ್ತಿಯ ಮೇಲೆ ಬಂದಾಗ ಫೋನು, ರೇಡಿಯೊ, ಟಿವಿ ಎಲ್ಲದರ ಬಾಯಿ ಮುಚ್ಚಿಸುತ್ತದೆ. ಸಿಟ್ಟು ಬಂದರೆ ಹೊಡೆಯುತ್ತದೆ. ಈ ಮೂರೂ ಗುಣ ನೋಡಿ ನಮ್ಮ ಹೆಂಗಸರು ಮೊದಲ ತಿಂಗಳಲ್ಲೇ ಅದಕ್ಕೆ ಅತ್ತೆ ಎಂದು ಹೆಸರಿಟ್ಟರು.

ಹೊಡೆದದ್ದು ಒಂದೇ ಸಲ. ಬಂದ ವಾರ ಅದು ಆಕಾಶದಿಂದ ಚೀಟಿಗಳನ್ನು ಉದುರಿಸಿ ಹನ್ನೆರಡರ ಕಟ್ಟಳೆ ತಿಳಿಸಿತ್ತು. ನಾವು ಅವನ್ನು ಓದಿ ಕಡಲೆ ಕಟ್ಟಲು ಬಳಸಿದೆವು. ನಾಲ್ಕನೆಯ ದಿನ ಇಟ್ಟಿಗೆ ಭಟ್ಟಿಯಲ್ಲಿ ಹದಿಮೂರು ಮಂದಿ ಸಾಲಾಗಿ ಕೆಲಸ ಮಾಡುತ್ತಿದ್ದವರು ಚಹಾ ಕುಡಿಯಲೆಂದು ಅತ್ತ ಹೋಗಿದ್ದೇ ತಡ, ಭಟ್ಟಿ ಇದ್ದ ಜಾಗದಲ್ಲಿ ಮೂರಾಳು ಆಳದ ಗುಂಡಿಯಾಯಿತು. ಆ ಚಹಾದ ಅಂಗಡಿಯವನಿಗೆ ಊರಿನಲ್ಲಿ ಇವತ್ತಿಗೂ ಬಹಳ ಮರ್ಯಾದೆ. ಗುಂಡಿಯಲ್ಲಿ ಈಗ ನೀರು ನಿಂತು, ಅಗಸರು ಬಟ್ಟೆ ಒಗೆಯುತ್ತಾರೆ.

ಬಟ್ಟೆಯ ಚಪ್ಪರದಡಿ ಕೂತರೂ ಅತ್ತೆಗೆ ಮೈಯ ಬಿಸಿ ಕಾಣುತ್ತದಂತೆ. ಗಟ್ಟಿ ಸೂರಿನಡಿ ಕಾಣುವುದಿಲ್ಲ, ಆದರೆ ನೂರು ಜನ ಹಿಡಿಸುವ ಅಂಥ ಮನೆ ಊರಿನಲ್ಲಿ ಒಂದೂ ಇಲ್ಲ. ಹೀಗಾಗಿ ಮದುವೆಗಳು ಮದುಮಕ್ಕಳೂ ಸೇರಿ ಹನ್ನೊಂದು ಹನ್ನೊಂದು ಮಂದಿಯಾಗಿ ನಡೆಯುತ್ತವೆ. ಮೊದಲ ಒಂಬತ್ತು ಮಂದಿ ಅಕ್ಷತೆ ಹಾಕಿ ಹೋದ ಮೇಲೆ ಎರಡನೆಯ ಒಂಬತ್ತು. ಕೊನೆಯವರು ಬರುವ ಹೊತ್ತಿಗೆ ಮದುಮಕ್ಕಳಿಗೆ ನಿದ್ದೆ ಬಂದಿರುತ್ತದೆ. ಬೇಸರವೇನೂ ಇಲ್ಲ, ರೂಢಿಯಾಗಿದೆ. ಫೋನೂ ಹಾಗೆಯೇ. ಅತ್ತೆ ಹನ್ನೊಂದು ನಿಮಿಷಕ್ಕೊಂದು ಸುತ್ತು ಹಾಕುತ್ತಾಳೆ, ಅದರಲ್ಲಿ ಮೂರು ನಿಮಿಷ ಫೋನು ಸತ್ತಿರುತ್ತದೆ. ನನ್ನ ಮಗಳು ಅನಸೂಯಾ ಅಂಚೆ ಹಂಚುವವಳು. ಹೊಳೆಯಾಚೆಯ ಬಾಳೇಶ ಎಂಬ ಹುಡುಗ ಒಂದು ಸಂಜೆ ಅವಳಿಗೆ ಫೋನಿನಲ್ಲಿ "ನೀ ನನ್ನ ಮದುವಿ" ಎಂದನಂತೆ, ಅಷ್ಟಕ್ಕೇ ಅತ್ತೆ ಬಂದಳು. ಅನಸೂಯಾ ಮೂರು ನಿಮಿಷ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಲೈನು ಬಂದ ಕೂಡಲೇ ಪ್ರಶ್ನೆಗೆ ಕಾಯದೆ "ಹೂಂ" ಎಂದುಬಿಟ್ಟಳು.

ಮದುವೆ ಗೊತ್ತಾದ ದಿನವೇ ಅವಳು ನನ್ನ ಮುಂದೆ ಬಂದು ಕೂತು ಒಂದು ಮಾತು ಹೇಳಿದಳು. "ಅಪ್ಪಾ, ನನ್ನ ಮದುವ್ಯಾಗ ಹುಲಿಗೆಪ್ಪ ಕಾಕಾನ ಡ್ರಮ್ಮು ಇರ್ಬೇಕು. ಇಲ್ಲಂದ್ರ ನಾ ಹೊಸ್ತಿಲಾ ದಾಟಂಗಿಲ್ಲ."

ನಾನು ಭರಮಣ್ಣ, ಬ್ಯಾಂಡ್ ಮಾಸ್ತರ. ಕ್ಲಾರಿನೆಟ್ ಊದುತ್ತೇನೆ. ನಮ್ಮ ಬ್ಯಾಂಡಿನಲ್ಲಿ ಮೊದಲು ಹನ್ನೆರಡು ಮಂದಿಯಿದ್ದೆವು. ಕಟ್ಟಳೆ ಬಂದ ಮೇಲೆ ಒಬ್ಬನನ್ನು ಬಿಡಬೇಕಾಯಿತು. ನಾನು ಬಿಟ್ಟದ್ದು ಹುಲಿಗೆಪ್ಪನನ್ನು. ಅವನು ದೊಡ್ಡ ಡ್ರಮ್ಮಿನವನು. ಚಿಕ್ಕಂದಿನಿಂದ ನನ್ನ ಗೆಳೆಯ. ಇಬ್ಬರೂ ಒಂದೇ ಗುರುವಿನ ಹತ್ತಿರ ಹೊಡೆಸಿಕೊಂಡು ಕಲಿತವರು. ಅನಸೂಯಾ ನಡೆಯಲು ಕಲಿತದ್ದು ಅವನ ಡ್ರಮ್ಮಿನ ಹಗ್ಗ ಹಿಡಿದುಕೊಂಡು.

ಯಾಕೆ ಅವನೇ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ: ತಾಳಕ್ಕೆ ಸಣ್ಣ ಡ್ರಮ್ಮುಗಳು ಎರಡಿವೆ, ದೊಡ್ಡದಿಲ್ಲದಿದ್ದರೂ ನಡೆಯುತ್ತದೆ. ಅದು ನಿಜವೂ ಹೌದು. ಆದರೆ ಪೂರ್ತಿ ನಿಜವಲ್ಲ. ಹುಲಿಗೆಪ್ಪ ಡ್ರಮ್ಮು ಹೊಡೆಯುವಾಗ ಕುಣಿಯುತ್ತಿದ್ದ. ಕೋಲನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದ. ಮೆರವಣಿಗೆಯ ಜನರೆಲ್ಲ ಅವನನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ಎಷ್ಟು ಚಂದದ ಆಲಾಪ ತೆಗೆದರೂ, ಕಣ್ಣು ತೆರೆದಾಗ ಒಬ್ಬರ ಮುಖವೂ ನನ್ನ ಕಡೆ ಇರುತ್ತಿರಲಿಲ್ಲ. ಇದನ್ನು ನಾನು ನನ್ನ ಹೆಂಡತಿ ನೀಲವ್ವನಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು ಎಂಬುದು ಬೇರೆ ಮಾತು.

ಅಂದಿನಿಂದ ಹುಲಿಗೆಪ್ಪ ಮನೆಯಲ್ಲಿ ಕೂತು ಹೊರಸಿನ ಮಂಚ ಹೆಣೆಯುತ್ತಿದ್ದ. ಆರು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ. ಅವನ ಓಣಿಯಲ್ಲಿ ನಾನು ಹಾಯುತ್ತಿರಲಿಲ್ಲ.

"ಹೆಂಗಾಗ್ತದವ್ವಾ?" ಎಂದೆ ಮಗಳಿಗೆ. "ಹನ್ನೊಂದು ಮಂದಿ ಅದೀವಿ. ಅವನ್ನ ಕರದ್ರ ಇನ್ನೊಬ್ಬನ್ನ ಬಿಡಬೇಕು. ಯಾರನ್ನ ಬಿಡ್ಲಿ?"

"ಅದು ನನಗ ಗೊತ್ತಿಲ್ಲ. ಬಿಡೂದು ನಿನಗ ರೂಢಿ ಐತಲ್ಲ," ಎಂದು ಅವಳು ಅಂಚೆಯ ಚೀಲ ಹೆಗಲಿಗೇರಿಸಿ ಹೋದಳು.

ನೀಲವ್ವ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ಹಾಕುತ್ತಲೇ ನಾಲ್ಕು ಮಾಳಿಗೆ ಆಚೆಯಿದ್ದ ಗೆಳತಿಯೊಡನೆ ಕೂಗಿ ಕೂಗಿ ಮಾತಾಡುತ್ತಿದ್ದಳು. ನಾನು ಹೋಗಿ ನನ್ನ ಕಷ್ಟ ಹೇಳಿಕೊಂಡೆ.

"ಕೂಡೇ ನಿಂತು ಊದಬೇಕಂತ ಯಾರು ಹೇಳ್ಯಾರ್ರೀ?" ಎಂದಳು ಅವಳು, ಹಪ್ಪಳದಿಂದ ತಲೆ ಎತ್ತದೆ. "ಒಬ್ಬೊಬ್ರು ಒಂದೊಂದು ಮಾಳಗಿ ಮ್ಯಾಲ ನಿಂದರ್ರಿ. ಅತ್ತಿ ಏನ್ ಅಂತಾಳ? ಹಪ್ಪಳ ಹಾಕಾಕತ್ತಾರ ಅನ್ಕೋತಾಳ."

ಅಷ್ಟು ಸರಳ. ಆರು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಹೊಳೆಯುವುದು ನನಗೆ ಬೇಕಿರಲಿಲ್ಲ ಎನ್ನುವುದೇ ಸರಿ.

ಆದರೂ ನನ್ನ ಹಟ ನೋಡಿ, ಆಗಲೂ ನಾನು ಹುಲಿಗೆಪ್ಪನ ಮನೆಗೆ ಹೋಗಲಿಲ್ಲ. ಮೊದಲು ನಾವು ಹನ್ನೊಂದು ಮಂದಿಯೇ ಮಾಡಿ ನೋಡೋಣ, ಚೆನ್ನಾಗಿ ಬಂದರೆ ಮಗಳು ಒಪ್ಪಿಕೊಳ್ಳಬಹುದು ಎಂದುಕೊಂಡೆ. ಭಾನುವಾರ ಬೆಳಗ್ಗೆ ಎಲ್ಲರನ್ನೂ ಊರಿನ ಮೂಲೆಮೂಲೆಯ ಮಾಳಿಗೆ ಹತ್ತಿಸಿದೆ. ಕಹಳೆಯ ಯಮನೂರಪ್ಪನನ್ನು ಶಾಲೆಯ ಮೇಲೆ, ಸ್ಯಾಕ್ಸೋಫೋನಿನವನನ್ನು ಹಿಟ್ಟಿನ ಗಿರಣಿಯ ಮೇಲೆ, ತಾಳದವನನ್ನು ಸಂತೆಪೇಟೆಯ ಹತ್ತಿರ. ನಾನು ನಮ್ಮ ಮನೆಯ ಮೇಲೆ ನಿಂತು ಶುರುಮಾಡಿದೆ.

ಅದನ್ನು ಸಂಗೀತವೆಂದು ಕರೆದವರು ಯಾರೂ ಇಲ್ಲ. ನನ್ನದು ಯಮನೂರಪ್ಪನಿಗೆ ತಡವಾಗಿ ಕೇಳುತ್ತಿತ್ತು, ಅವನದು ಗಿರಣಿಯವನಿಗೆ ಇನ್ನೂ ತಡವಾಗಿ. ನಾನು ಚರಣ ಮುಗಿಸುವ ಹೊತ್ತಿಗೆ ತಾಳದವನು ಪಲ್ಲವಿಯಲ್ಲಿದ್ದ. ಊರಿನ ನಾಯಿಗಳೆಲ್ಲ ಸೇರಿಕೊಂಡವು. ಜನ ಮಾಳಿಗೆಗಳ ಮೇಲೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲವ್ವ ಹಪ್ಪಳದ ಮೇಲೇ ಕೂತುಬಿಟ್ಟಳು. ಅನಸೂಯಾ ಮಾತ್ರ ನಗಲಿಲ್ಲ. ಕೆಳಗೆ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತ ನಿಂತಿದ್ದಳು.

ಊರಿಗೆಲ್ಲ ಕೇಳುವ ವಾದ್ಯ ನಮ್ಮಲ್ಲಿ ಒಂದೇ ಇತ್ತು. ಅದು ಹುಲಿಗೆಪ್ಪನ ಮನೆಯ ಅಟ್ಟದ ಮೇಲಿತ್ತು.

ನಾನು ಹೋದಾಗ ಅವನು ಅಂಗಳದಲ್ಲಿ ಹೊರಸಿಗೆ ಪಟ್ಟಿ ಬಿಗಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೈ ಮಾತ್ರ ಮೊದಲಿನಂತೆಯೇ, ಬಾಗಿಲು ತುಂಬುವಷ್ಟು. ನನ್ನನ್ನು ನೋಡಿ ಎದ್ದೇಳಲಿಲ್ಲ. ಅವನ ಹೆಂಡತಿ ದೇವಕ್ಕ ಒಳಗಿನಿಂದ ಬಂದು "ಬರ್ರಿ ಅಣ್ಣಾರ" ಎಂದು ಚಹಾ ಇಡಲು ಹೋದಳು.

"ಮುಂಜಾನೆ ಏನದು?" ಎಂದ ಹುಲಿಗೆಪ್ಪ, ಪಟ್ಟಿ ಎಳೆಯುತ್ತಲೇ. "ಕತ್ತಿಗೋಳು ಒದರೂ ಸಂತಿ ನಡದಿತ್ತೇನ್ ಊರಾಗ?"

"ನಮ್ಮ ಬ್ಯಾಂಡು."

"ಹಂಗನು? ನಾನೂ ದೇವಕ್ಕೂ ಕಣ್ಣಾಗ ನೀರು ಬರೂತನಕ ನಕ್ಕಿವಿ."

ನಾನು ಮಗಳ ಮದುವೆಯ ಮಾತೆತ್ತಿದೆ. ಅವಳು ಏನು ಹೇಳಿದಳೆಂದೂ ಹೇಳಿದೆ. ಅವನ ಕೈ ನಿಂತಿತು.

"ಭರಮಾ, ನೀ ನನ್ನ ಬಿಟ್ಟದ್ದಕ್ಕ ನನಗ ಸಿಟ್ಟಿಲ್ಲ," ಎಂದ. "ಯಾರನ್ನರ ಬಿಡಬೇಕಿತ್ತು, ನನ್ನ ಬಿಟ್ಟಿ. ಆದ್ರ ಯಮನೂರನ ಕೈಯಾಗ ಹೇಳಿ ಕಳಿಸಿದಿ. ಎರಡು ಓಣಿ ಆಚೆ ಇದ್ದಿ. ನೀನಾ ಬಂದು ನನ್ನ ಮಾರಿ ನೋಡಿ ಹೇಳಾಕ ಆಗಲಿಲ್ಲ ನಿನಗ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಮಾರಿ ನೋಡಿದ್ರ ಸುಳ್ಳು ಹೇಳಾಕ ಬರ್ತಿರಲಿಲ್ಲೋ," ಎಂದೆ. "ಅತ್ತಿ ಕಾರಣ ಅಲ್ಲ. ಮಂದಿ ಎಲ್ಲ ನಿನ್ನಾ ನೋಡ್ತಿದ್ರು. ಅದನ್ನ ನನಗ ತಡಕೊಳ್ಳಾಕ ಆಗ್ತಿರಲಿಲ್ಲ."

ಹುಲಿಗೆಪ್ಪ ಪಟ್ಟಿಯನ್ನು ಕೆಳಗಿಟ್ಟ. ಆಮೇಲೆ ಒಳಗೆ ತಿರುಗಿ ಕೂಗಿದ: "ದೇವಕ್ಕಾ, ಕಡೀಕೂ ಬಾಯಿ ಬಿಟ್ಟ! ಚಹಾಕ್ಕ ಸಕ್ಕರಿ ಹಾಕು!"

ಒಳಗಿನಿಂದ ದೇವಕ್ಕನ ನಗು ಕೇಳಿತು. ಇಲ್ಲಿಯೂ ಎಲ್ಲರಿಗೂ ಗೊತ್ತಿತ್ತು.

ಡ್ರಮ್ಮು ಇಳಿಸಿ ನೋಡಿದರೆ ಒಂದು ಬದಿಯ ಚರ್ಮವನ್ನು ಇಲಿ ತಿಂದಿತ್ತು. ಹೊಸ ಚರ್ಮ ಹಾಕಿ, ಹಗ್ಗ ಬಿಗಿದು, ಬಿಸಿಲಿಗೆ ಕಾಯಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಹುಲಿಗೆಪ್ಪ ಊರಿನ ನಡುವಿನ ನೀರಿನ ಟ್ಯಾಂಕಿನ ಮೇಲೆ ನಿಲ್ಲುತ್ತೇನೆಂದ. ಬ್ಯಾಂಡಿನವರನ್ನೆಲ್ಲ ತನ್ನ ಅಂಗಳಕ್ಕೆ ಕರೆಸಿದ. ಎಣಿಸಿದರೆ ಅವನೂ ಸೇರಿ ಹನ್ನೆರಡು, ಹೀಗಾಗಿ ಯಮನೂರಪ್ಪ ಬಾಗಿಲೊಳಗೆ ನಿಂತು ಕೇಳಿಸಿಕೊಂಡ.

"ಗುಂಡ್ಯಾಗ ಅಗಸ ಬಟ್ಟಿ ಒಗಿಯೂದು ದೂರ ನಿಂತು ನೋಡೀರೇನ್?" ಎಂದು ಹುಲಿಗೆಪ್ಪ ಶುರುಮಾಡಿದ. "ಬಟ್ಟಿ ಕಲ್ಲಿಗೆ ಬಡಿಯೂದು ಮೊದಲು ಕಾಣ್ತದ, ಸಪ್ಪಳ ಆಮ್ಯಾಲ ಬರ್ತದ. ಅದಕ್ಕ ನೀವು ನನ್ನ ಡ್ರಮ್ಮು ಕೇಳಬ್ಯಾಡ್ರಿ, ನೋಡ್ರಿ. ಕೋಲಿಗೆ ಕೆಂಪು ಬಟ್ಟಿ ಕಟ್ಟೀನಿ. ಹತ್ರ ಇದ್ದವ್ರು ಬಟ್ಟಿ ಕೆಳಗ ಬಿದ್ದಾಗ ಊದ್ರಿ. ದೂರ ಇದ್ದವ್ರು ಬಟ್ಟಿ ಮ್ಯಾಲ ಎದ್ದಾಗ್ಲೇ ಊದ್ರಿ. ಎಲ್ಲಾ ಕೂಡಿ ಬರ್ತದ."

ಇಷ್ಟು ವರ್ಷ ಮಾಸ್ತರ ಎನಿಸಿಕೊಂಡವನು ನಾನು. ಬಾಯಿ ಮುಚ್ಚಿಕೊಂಡು ಕೇಳಿದೆ.

ಮದುವೆಯ ಹಿಂದಿನ ದಿನ ಡ್ರಮ್ಮಿಗೆ ಕೌದಿ ಸುತ್ತಿ, ಒಣಹಾಕುವ ಹಾಸಿಗೆಯಂತೆ ಮಾಡಿ, ಹಗ್ಗದಿಂದ ಟ್ಯಾಂಕಿನ ಮೇಲಕ್ಕೆ ಎಳೆದೆವು. ಅತ್ತೆ ಎರಡು ಸುತ್ತು ಬಂದಳು, ಏನೂ ಅನ್ನಲಿಲ್ಲ.

ಮದುವೆಯ ಬೆಳಗ್ಗೆ ಹತ್ತು ಗಂಟೆಗೆ ಬಾಳೇಶನ ಕಡೆಯವರು ಹೊಳೆ ದಾಟಿ ಬಂದರು. ಹನ್ನೊಂದು ಮಂದಿ, ನಲವತ್ತು ಹೆಜ್ಜೆ ಬಿಟ್ಟು ಮತ್ತೆ ಹನ್ನೊಂದು, ಮತ್ತೆ ನಲವತ್ತು ಹೆಜ್ಜೆ. ದಿಬ್ಬಣದ ತಲೆ ಊರಿನ ಅಗಸಿಬಾಗಿಲಲ್ಲಿದ್ದರೆ ಬಾಲ ಇನ್ನೂ ಹೊಳೆಯ ದಂಡೆಯಲ್ಲಿತ್ತು. ಟ್ಯಾಂಕಿನ ಮೇಲೆ ಕೆಂಪು ಬಟ್ಟೆ ಎದ್ದಿತು, ಬಿದ್ದಿತು. ಧಡ್ ಎಂದು ಡ್ರಮ್ಮು ನುಡಿಯಿತು. ನಾನು ನಮ್ಮ ಮಾಳಿಗೆಯಿಂದ ಎತ್ತಿಕೊಂಡೆ. ಶಾಲೆಯ ಕಡೆಯಿಂದ ಕಹಳೆ ಬಂತು, ಗಿರಣಿಯ ಕಡೆಯಿಂದ ಸ್ಯಾಕ್ಸೋಫೋನು, ಸಂತೆಪೇಟೆಯಿಂದ ತಾಳ. ಒಂದೂ ಹಿಂದಿಲ್ಲ, ಒಂದೂ ಮುಂದಿಲ್ಲ. ಊರಿಗೆ ಊರೇ ಒಂದು ಬ್ಯಾಂಡಾಗಿತ್ತು. ಓಣಿಯಲ್ಲಿ ನಡೆಯುವವರು ಎಲ್ಲಿ ನಿಂತರೂ ಅದರೊಳಗೇ ಇದ್ದರು. ಮಾಳಿಗೆಯ ಮೇಲಿನ ಹೆಂಗಸರು ಚಪ್ಪಾಳೆ ತಟ್ಟತೊಡಗಿದರು.

ಎರಡನೆಯ ಹಾಡಿನ ನಡುವೆ ಅತ್ತೆಯ ಸದ್ದು ಬದಲಾಯಿತು. ಆರು ವರ್ಷ ಕೇಳಿದ ಗುಂಯ್ ಸದ್ದು ದಪ್ಪವಾಯಿತು. ತಲೆಯೆತ್ತಿದರೆ ಅವಳು ತನ್ನ ದೊಡ್ಡ ಸುತ್ತು ಬಿಟ್ಟು, ಓರೆಯಾಗಿ ವಾಲಿ, ಟ್ಯಾಂಕಿನ ಮೇಲೆ ಸಣ್ಣ ಸುತ್ತು ಹಾಕುತ್ತಿದ್ದಳು. ಅಷ್ಟು ಕೆಳಗೆ ಅವಳನ್ನು ನಾವು ಯಾರೂ ನೋಡಿರಲಿಲ್ಲ. ರೆಕ್ಕೆಯಡಿ ನೇತಾಡುವ ನಾಲ್ಕು ಕೊಳವೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಮೂಗಿನಡಿಯ ಗಾಜಿನ ಗುಂಡು ತಿರುತಿರುಗಿ ಕೆಂಪು ಬಟ್ಟೆಯ ಕಡೆಗೇ ನಿಂತಿತು.

ಕಹಳೆ ನಿಂತಿತು. ತಾಳ ನಿಂತಿತು. ದಿಬ್ಬಣದವರು ಸೂರು ಹುಡುಕಿಕೊಂಡು ಗೋಡೆಗಳಿಗೆ ಅಂಟಿಕೊಂಡರು. ನನ್ನ ಬಾಯಿಂದಲೂ ಕ್ಲಾರಿನೆಟ್ ಜಾರಿತು. ಹುಲಿಗೆಪ್ಪನೊಬ್ಬನೇ ಬಾರಿಸುತ್ತಿದ್ದ. ನಿಲ್ಲಿಸಿ ಓಡಿದರೆ ಅದೇ ಅನುಮಾನಕ್ಕೆ ಕಾರಣವಾದೀತೆಂದು ಅವನಿಗೆ ಅನಿಸಿತ್ತಂತೆ. ಆ ಎತ್ತರದಲ್ಲಿ, ಬಿಸಿಲಿನಲ್ಲಿ, ಬಿಳಿ ತಲೆಯ ಆ ದೊಡ್ಡ ಮನುಷ್ಯ ಒಬ್ಬನೇ ನಿಂತದ್ದನ್ನು ನೋಡಿ ನನಗೆ ಏನಾಯಿತೋ. ಮೆಟ್ಟಿಲಿಳಿದು ಓಡಿದೆ. ಐವತ್ತೆಂಟು ವರ್ಷದ ಮೊಣಕಾಲು ಇಟ್ಟುಕೊಂಡು ಟ್ಯಾಂಕಿನ ಕಬ್ಬಿಣದ ಏಣಿಯನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಮೇಲೆ ಬಂದು ಬಿದ್ದಾಗ ಹುಲಿಗೆಪ್ಪ ಕೋಲು ನಿಲ್ಲಿಸದೆ ಕೇಳಿದ: "ನೀ ಯಾಕ ಬಂದಿಯೋ?"

"ಅಲ್ಲಿಂದ ನೀ ಸರಿ ಕಾಣ್ತಿರಲಿಲ್ಲ," ಎಂದೆ ಏದುಸಿರು ಬಿಡುತ್ತ.

"ಹಂಗಾರ ಊದು."

ಊದಿದೆ. ಎರಡೇ ವಾದ್ಯ, ತಲೆಯ ಮೇಲೆ ಅತ್ತೆಯ ಗುಂಯ್. ಅವಳ ಶ್ರುತಿಗೇ ಶ್ರುತಿ ಸೇರಿಸಿದೆ, ಬೇರೆ ದಾರಿಯಿರಲಿಲ್ಲ. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಹೊಡೆಯಲೂ ಇಲ್ಲ, ಹೋಗಲೂ ಇಲ್ಲ. ನೋಡುತ್ತಿದ್ದಳು, ಅಷ್ಟೆ.

ಆಗ ಪಡುವಣ ಕಡೆ ಸಂತೆಪೇಟೆಯ ಬಯಲಿನಲ್ಲಿ ಏನೋ ಬಣ್ಣ ಕಂಡಿತು. ಒಂದು ಓಣಿಯಿಂದ ಹನ್ನೊಂದು ಮಂದಿ ಬಂದು ನಿಂತರು. ಇನ್ನೊಂದು ಓಣಿಯಿಂದ ಇನ್ನಷ್ಟು. ನಡುವೆ ನಲವತ್ತು ಹೆಜ್ಜೆ ಇರಲಿಲ್ಲ. ಹತ್ತು ಹೆಜ್ಜೆಯೂ ಇರಲಿಲ್ಲ.

"ಹುಲಿಗ್ಯಾ, ಕೂಡಾಕತ್ತಾರೋ!" ಎಂದು ಚೀರಿದೆ. "ಹುಚ್ಚು ಹಿಡದೈತಿ ಇವ್ರಿಗೆ!"

ಆಮೇಲೆ ತಿಳಿಯಿತು, ಅದು ಅನಸೂಯಾಳ ಕೆಲಸ. ಊರೆಲ್ಲ ಗೋಡೆಗಂಟಿ ನಿಂತಾಗ ಬಾಸಿಂಗ ಕಟ್ಟಿಕೊಂಡ ಹುಡುಗಿ ಹೊರಗೆ ಬಂದು ಆಕಾಶ ನೋಡಿದ್ದಾಳೆ. "ಅತ್ತಿ ಕಾಕಾನ್ನ ನೋಡಾಕತ್ತಾಳ. ಅಕಿಗೆ ಬ್ಯಾರೆ ಏನೂ ಕಾಣವಲ್ದು. ಏಳ್ರಿ, ಎಲ್ಲಾರೂ ಸಂತಿಪ್ಯಾಟಿಗೆ ನಡೀರಿ!" ಎಂದಿದ್ದಾಳೆ. ಮೊದಲು ಯಾರೂ ಕದಲಲಿಲ್ಲವಂತೆ. ಅವಳು ಬಾಳೇಶನ ಕೈ ಹಿಡಿದು ಹೊರಟೇಬಿಟ್ಟಳಂತೆ. ಹಿಂದೆ ನೀಲವ್ವ. ನೀಲವ್ವನ ಹಿಂದೆ ದೇವಕ್ಕ. ಆಮೇಲೆ ಯಾರೂ ಎಣಿಸಲಿಲ್ಲ.

ಹುಲಿಗೆಪ್ಪ ಬಯಲನ್ನು ನೋಡಿದ, ಮೇಲೆ ನೋಡಿದ. ಅವನಿಗೂ ತಿಳಿಯಿತು. "ಹಂಗಾರ ನಾವು ನಿಲ್ಲಸಂಗಿಲ್ಲ, ಭರಮಾ," ಎಂದ. "ಅಕಿ ಕಣ್ಣು ಆ ಕಡೆ ಹೊಳ್ಳಿತು ಅಂದ್ರ ಮುಗೀತು."

ಆಮೇಲೆ ಅವನು ಮಾಡಿದ್ದನ್ನು ನಾನು ಹೇಗೆ ಹೇಳಲಿ. ಅರವತ್ತರ ಹತ್ತಿರದ ಮನುಷ್ಯ. ಡ್ರಮ್ಮನ್ನು ಕೊರಳಿಗೆ ಹಾಕಿಕೊಂಡು ಟ್ಯಾಂಕಿನ ಮೇಲೆ ಗುಂಡಗೆ ಕುಣಿದ. ಕೋಲನ್ನು ಮೇಲಕ್ಕೆಸೆದ, ಕೆಂಪು ಬಟ್ಟೆ ಗಿರ್ರನೆ ತಿರುಗಿ ಅವನ ಕೈಗೇ ಬಂತು. ಬೆನ್ನ ಹಿಂದಿನಿಂದ ಹೊಡೆದ, ಕಾಲಡಿಯಿಂದ ಹೊಡೆದ. ಗಾಜಿನ ಗುಂಡು ಅವನ ಜೊತೆಗೇ ತಿರುಗುತ್ತಿತ್ತು. ನಾನು ಅವನ ಸುತ್ತ ಸುತ್ತುತ್ತ ಊದಿದೆ. ಉಸಿರು ಸಾಲುತ್ತಿರಲಿಲ್ಲ, ತುಟಿಯಲ್ಲಿ ರಕ್ತ ಬಂದಿತ್ತು, ನನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ತಮ್ಮ ತಮ್ಮ ಮಾಳಿಗೆಗಳಿಂದ ಸೇರಿಕೊಂಡರು. ಹನ್ನೆರಡೂ ವಾದ್ಯ ನುಡಿದವು.

ದೂರದ ಬಯಲಿನಲ್ಲಿ ಮುನ್ನೂರು ಮಂದಿ ಒಂದೇ ಬಣ್ಣದ ರಾಶಿಯಾಗಿದ್ದರು. ಅದರ ನಡುವೆ ನನ್ನ ಮಗಳು ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಆ ರಾಶಿಯ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಸದ್ದಿಲ್ಲ. ಒಂದು ಗಳಿಗೆಯ ನಂತರ, ನಿಧಾನವಾಗಿ, ಮುನ್ನೂರು ಗಂಟಲುಗಳ ಕೂಗು ಬಂದು ನಮಗೆ ತಾಗಿತು. ತಾಳಿ ಕಟ್ಟಿದ್ದಾಗಿತ್ತು. ಹುಲಿಗೆಪ್ಪ ಅಳುತ್ತ ಬಾರಿಸುತ್ತಿದ್ದ. ನನಗೆ ಅಳುವುದಕ್ಕೂ ಆಗುತ್ತಿರಲಿಲ್ಲ, ಬಾಯಲ್ಲಿ ಕ್ಲಾರಿನೆಟ್ ಇತ್ತು.

ಬಯಲು ಖಾಲಿಯಾಗುವವರೆಗೆ ಬಾರಿಸಿದೆವು. ನಂತರ ಕೋಲು ಕೆಳಗಿಟ್ಟು ಇಬ್ಬರೂ ಮಲಗಿಬಿಟ್ಟೆವು. ಅತ್ತೆ ಇನ್ನೂ ಎರಡು ಸುತ್ತು ಕಾದಳು. ಆಮೇಲೆ ಬೇಸರವಾಗಿ ಮೇಲಕ್ಕೇರಿ ತನ್ನ ದೊಡ್ಡ ಸುತ್ತಿಗೆ ಹೋದಳು.

ಕೆಳಗಿಳಿದು ಮನೆಗೆ ಬಂದಾಗ ಹೊಳೆಯಾಚೆಗೆ ಹೋಗುವ ಗಾಡಿ ಸಿದ್ಧವಾಗಿ ನಿಂತಿತ್ತು. ಅನಸೂಯಾ ಕಟ್ಟೆಯ ಮೇಲೆ ಕಾಯುತ್ತಿದ್ದಳು. "ಅಪ್ಪಾ, ನೀ ಏನೂ ನೋಡಲಿಲ್ಲಲ್ಲೋ," ಎಂದಳು.

"ಕೇಳಿದ್ನೆವ್ವಾ," ಎಂದೆ.

ಅವಳು ಗಾಡಿಯವನಿಗೆ ಕಾಯಲು ಹೇಳಿ, ನನ್ನನ್ನು ಒಂದು ಕಡೆ, ಹುಲಿಗೆಪ್ಪನನ್ನು ಇನ್ನೊಂದು ಕಡೆ ಕೂರಿಸಿಕೊಂಡು, ಮೊದಲಿನಿಂದ ಹೇಳತೊಡಗಿದಳು. ಬಾಳೇಶ ಕಟ್ಟಿದ ತಾಳಿಯ ಗಂಟು ಎರಡು ಸಲ ಬಿಚ್ಚಿಹೋಯಿತಂತೆ. ನೀಲವ್ವ ಅಕ್ಷತೆಯನ್ನು ತನ್ನ ತಲೆಯ ಮೇಲೇ ಹಾಕಿಕೊಂಡಳಂತೆ. ಹುಲಿಗೆಪ್ಪ ನಡುನಡುವೆ "ಆಮ್ಯಾಲ?" ಎನ್ನುತ್ತಿದ್ದ. ನಿಲ್ಲಲು ಜಾಗವಿರಲಿಲ್ಲವಂತೆ. ಹಿಂದಿನವರು ತಳ್ಳಿದರಂತೆ, ಮುಂದಿನವರು ಬೈದರಂತೆ, ಯಾರೋ ಸೀರೆಯ ಅಂಚು ತುಳಿದು ಹರಿದರಂತೆ, ಯಾರದೋ ಮೊಣಕೈ ಪಕ್ಕೆಗೆ ತಾಗಿ ಇನ್ನೂ ನೋಯುತ್ತಿದೆಯಂತೆ. ಆ ಜಾಗ ಮುಟ್ಟಿಕೊಂಡು ಅದನ್ನು ಹೇಳುವಾಗ ನನ್ನ ಮಗಳ ಮುಖ ನೀವು ನೋಡಬೇಕಿತ್ತು.